ಮಂದೆ ಹೋದ ದಿಕ್ಕು

ಭದ್ರಮ್ಮ ಹುಟ್ಟಿದ್ದು ಮನೆಯಲ್ಲಲ್ಲ, ಯಾರದೋ ಗದ್ದೆಯಲ್ಲಿ. ಮಳವಳ್ಳಿ ಸೀಮೆಯಲ್ಲಿ ಭತ್ತ ಕೊಯ್ದ ಬಯಲಿನಲ್ಲಿ ಅವಳಪ್ಪ ರಾತ್ರಿಗೆ ಮಂದೆ ತರುಬಿ ನಿಲ್ಲಿಸಿದ್ದಾಗ, ಕುರಿಗಳ ನಡುವೆ, ಎರಡು ಕಂಬಳಿ ಕಟ್ಟಿದ ಮರೆಯಲ್ಲಿ. ಆ ಗದ್ದೆ ಯಾವ ಊರಿನದು ಎಂದು ಕೇಳಿದರೆ ಅವಳ ಅವ್ವನಿಗೇ ನೆನಪಿರಲಿಲ್ಲವಂತೆ. ಕುರಿ ಎಲ್ಲಿ ಈಯುತ್ತದೋ ಅದೇ ಮರಿಯ ಊರು, ಅದಕ್ಕೆ ಹೆಸರು ಯಾಕೆ ಬೇಕು ಎನ್ನುತ್ತಿದ್ದಳಂತೆ ಆಕೆ.

ಹೀಗೆ ಊರಿಲ್ಲದೆ ಹುಟ್ಟಿದವಳಿಗೆ ಊರು ಸಿಕ್ಕಿದ್ದು ಬೀರಲಿಂಗಯ್ಯನ ಕೈ ಹಿಡಿದ ಮೇಲೆ. ಸಾತನೂರಿನಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವಿನ ಗಾಡಿಜಾಡು ಹಿಡಿದು, ಗುಡ್ಡದ ಬುಡಕ್ಕೆ ನಡೆದರೆ ಬೋಳುಬಂಡೆ ಹಟ್ಟಿ. ಕುರಿ ಸಾಕುವವರ ಮನೆಗಳೇ ಎಲ್ಲ. ಒಂದು ಕೂಗಳತೆ ಕೆಳಗೆ ಒಕ್ಕಲುತನದವರ ಊರು, ಅದನ್ನು ಕೆಳಗಿನೂರು ಎನ್ನುತ್ತಾರೆ. ಎರಡಕ್ಕೂ ಸೇರಿ ಪಂಚಾಯಿತಿಯಲ್ಲಿ ಒಂದೇ ಸೀಟು. ಹಟ್ಟಿಯ ಹಿಂದೆ ಗುಡ್ಡಕ್ಕೆ ಒರಗಿಕೊಂಡಂತೆ ಗೋಮಾಳ. ಮೊದಲ ಮಳೆ ಬಿದ್ದು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹಟ್ಟಿಯ ಉಸಿರು ಇದ್ದದ್ದು ಆ ಹುಲ್ಲಿನಲ್ಲಿ.

ರಾಗಿ ಒಕ್ಕಣೆ ಮುಗಿದು ಗುಡ್ಡ ಒಣಗುತ್ತಲೂ ಹಟ್ಟಿಯವರು ಕುರಿ ಹೊಡೆದುಕೊಂಡು ನೀರಾವರಿ ಸೀಮೆಗೆ ಇಳಿಯುತ್ತಾರೆ. ಗದ್ದೆಯವರಿಗೆ ಗೊಬ್ಬರ ಬೇಕು, ಕುರಿಗೆ ಕೊಯ್ದ ಪೈರಿನ ಕೂಳೆ ಬೇಕು. ಇವರು ಅವರ ಗದ್ದೆಯಲ್ಲಿ ಮಂದೆ ತರುಬುತ್ತಾರೆ, ಅವರು ಇವರಿಗೆ ಭತ್ತ ಅಳೆಯುತ್ತಾರೆ. ಮಳೆ ಕಂಡ ಮೇಲೆ ವಾಪಸ್ಸು. ಹೊರಡುವ ದಿನ ಬಾಗಿಲಿಗೆ ಬೀಗ ಹಾಕುವುದಿಲ್ಲ, ಜಾಲಿಮುಳ್ಳಿನ ಕೊಂಬೆ ಅಡ್ಡ ಇಡುತ್ತಾರೆ. ಮನೆಯಲ್ಲಿ ಉಳಿದ ಮುದುಕರಿಗೂ ಬಾಣಂತಿಯರಿಗೂ ಒಂದೇ ಕಟ್ಟು: ಮಂದೆ ಹೋದ ದಿಕ್ಕು ಹೇಳಬಾರದು. ನೆಂಟ ಕೇಳಲಿ, ವ್ಯಾಪಾರಿ ಕೇಳಲಿ, ಪೊಲೀಸಿನವನೇ ಕೇಳಲಿ, ಹೋದರು, ಎತ್ತಲಾಗೋ ಗೊತ್ತಿಲ್ಲ, ಅಷ್ಟೇ ಮಾತು. ದಿಕ್ಕು ಹೇಳಿದರೆ ಮಂದೆಗೆ ತೋಳ ಬೀಳುತ್ತದೆ ಎನ್ನುವುದು ಹಳಬರ ನುಡಿ. ತೋಳ ಎಂದರೆ ಎರಡು ಕಾಲಿನದೂ ಹೌದು. ಹಿಂದೆ ಯಾರೋ ಒಬ್ಬ ಸೊಸೆ ಬಾಯಿ ಸಡಿಲ ಬಿಟ್ಟದ್ದಕ್ಕೆ, ಕಳ್ಳರು ಲಾರಿ ತಂದು ಇಡೀ ಮಂದೆಯನ್ನು ತುಂಬಿಕೊಂಡು ಹೋದದ್ದನ್ನು ಹಟ್ಟಿಯ ಮಕ್ಕಳೂ ಕಂಡವರಂತೆ ಹೇಳುತ್ತವೆ.

ಇಷ್ಟು ಅಲೆಯುವ ಜನ ವೋಟಿನ ದಿನ ಮಾತ್ರ ಎಲ್ಲಿದ್ದರೂ ಬಂದುಬಿಡುತ್ತಿದ್ದರು. ಮಂದೆಗೆ ನಾಲ್ಕು ಆಳು ಬಿಟ್ಟು, ಮಿಕ್ಕವರು ಕೆಂಪು ಬಸ್ಸು ಹತ್ತಿ, ಬೆರಳಿಗೆ ಮಸಿ ಹಾಕಿಸಿಕೊಂಡು, ಮನೆಯಲ್ಲಿ ಒಂದು ಮುದ್ದೆ ಉಂಡು ಮತ್ತೆ ಬಸ್ಸು ಹಿಡಿಯುತ್ತಿದ್ದರು. ಭದ್ರಮ್ಮನಿಗೆ ಅದೊಂದು ಹಬ್ಬ. ವರ್ಷದಲ್ಲಿ ಅರ್ಧ ಯಾರದೋ ಹೊಲದ ಬದುವಿನಲ್ಲಿ, ಏ ಕುರಿಯವಳೇ ಎಂದು ಕರೆಸಿಕೊಳ್ಳುವವಳನ್ನು ಅವತ್ತು ಒಬ್ಬ ಪ್ಯಾಂಟಿನವನು ಎದ್ದು ಕೂಗುತ್ತಿದ್ದ, ಭದ್ರಮ್ಮ, ಗಂಡ ಬೀರಲಿಂಗಯ್ಯ, ಬೋಳುಬಂಡೆ ಹಟ್ಟಿ ಎಂದು. ಊರಿನ ಹೆಸರಿನ ಜೊತೆ ತನ್ನ ಹೆಸರು ಕೇಳಿಸಿಕೊಳ್ಳಲಿಕ್ಕೆ ಅವಳು ಹೊಸ ಸೀರೆ ಉಡುತ್ತಿದ್ದಳು. ಫೋಟೊ ಇರುವ ಗುರುತಿನ ಕಾರ್ಡು ಬಂದಾಗ, ಹಟ್ಟಿಗೆ ಹಟ್ಟಿಯೇ ಒಂದು ದಿನ ಕುರಿ ಬಿಡದೆ ಸಾತನೂರಿಗೆ ಹೋಗಿ ಸಾಲಿನಲ್ಲಿ ನಿಂತು ಫೋಟೊ ಹಿಡಿಸಿಕೊಂಡಿತ್ತು.

ಅದಾದ ಕೆಲವು ವರ್ಷಕ್ಕೆ ಒಂದು ಪುಂಡ ಟಗರು ಹಿಂದಿನಿಂದ ಬಂದು ಭದ್ರಮ್ಮನ ಮೊಣಕಾಲಿಗೆ ಗುಮ್ಮಿತು. ಕಟ್ಟು ಕಟ್ಟಿಸಿದರು, ಎಣ್ಣೆ ತಿಕ್ಕಿಸಿದರು, ಕಾಲು ನೆಟ್ಟಗಾಗಲಿಲ್ಲ. ಆ ಮಾಗಿಯಲ್ಲಿ ಮಂದೆ ಹೊರಟಾಗ ಅವಳು ಮೊದಲ ಸಲ ಮನೆಯಲ್ಲಿ ಉಳಿದಳು. ಗಂಡನ ಅಣ್ಣ ಪುಟ್ಟಲಿಂಗಯ್ಯ ಹಟ್ಟಿಗೆ ಹಿರಿಯ, ಪಂಚಾಯಿತಿ ಮೆಂಬರೂ ಅವನೇ. ಹೊರಡುವಾಗ ಸೊಂಟಕ್ಕೆ ಟವೆಲ್ಲು ಬಿಗಿಯುತ್ತಾ, ಬಾಗಿಲುಗಳೆಲ್ಲ ನಿನ್ನ ಕಣ್ಣಿನಲ್ಲಿರಲಿ ಎಂದು ಹೇಳಿ ಹೋದ.

ಮಂದೆ ಹೋಗಿ ತಿಂಗಳಾಗಿರಬೇಕು. ಬಿಸಿಲು ನೆತ್ತಿಗೇರಿದ್ದಾಗ ಒಬ್ಬ ಮೇಷ್ಟ್ರು ಬಗಲಿಗೆ ಚೀಲ ಹಾಕಿಕೊಂಡು ಬಂದರು. ಕನಕಪುರದ ಕಡೆಯವರು, ಹಟ್ಟಿಗೆ ಹೊಸಬರು. ಮತದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ತಾಳೆ ನೋಡುವ ಕೆಲಸ ಅವರ ತಲೆಗೆ ಬಿದ್ದಿತ್ತು. ಒಂದಾದ ಮೇಲೊಂದು ಬಾಗಿಲಿಗೆ ಮುಳ್ಳು ಕಂಡು ಕಂಗಾಲಾಗಿ, ಕಡೆಗೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಭದ್ರಮ್ಮನ ಮುಂದೆ ನಿಂತರು. ಅವಳು ಮಜ್ಜಿಗೆ ಕೊಟ್ಟಳು. ಕುಡಿದು ಬಾಯೊರೆಸಿಕೊಂಡು, ಈ ಮನೆಯವರೆಲ್ಲ ಎಲ್ಲಮ್ಮ ಎಂದರು.

"ಹೋದ್ರು ಸ್ವಾಮಿ."

"ಎಲ್ಲಿಗೆ?"

"ಎತ್ಲಾಗೋ, ನಾ ಕಾಣೆ."

"ವಾಪಸ್ ಯಾವಾಗ ಬರ್ತಾರೆ?"

"ಬಂದಾಗ ಬಂದ್ರು."

ಮೇಷ್ಟ್ರು ಪಟ್ಟಿಯಲ್ಲಿ ಅವಳ ಹೆಸರು ಹುಡುಕಿ, ಅದರ ಪಕ್ಕದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು, ನಿಮ್ಮ ಯಜಮಾನರು ಎಂದು ಕೇಳಿದರು. ಅವರೂ ಹೋದರು ಎಂದಳು. ಮೇಷ್ಟ್ರ ಮುಖದಲ್ಲಿ ಮರುಕ ಕಂಡಿತು. ದನಿ ತಗ್ಗಿಸಿ, ಬಿಟ್ಟು ಹೋದರಾ ಎಂದರು. ಭದ್ರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಊಂ, ಈ ಕುಂಟಿ ಬ್ಯಾಡಾ ಅಂತ ಬುಟ್ಟೋದ್ರು. ಹಂಗೇ ಬರ್ಕೊಳ್ಳಿ."

ಎದುರುಮನೆಯ ಬಾಣಂತಿ ಅಂಬಮ್ಮನೂ ಅದನ್ನೇ ಹೇಳಿದಳು. ಹೋದರು, ಗೊತ್ತಿಲ್ಲ. ಆಚೆಮನೆಯ ಕಿವುಡಜ್ಜನೂ ಅದನ್ನೇ ಹೇಳಿದ. ಮೇಷ್ಟ್ರು ಮೋಸಗಾರರಲ್ಲ, ಸೋಮಾರಿಗಳೂ ಅಲ್ಲ. ಮುಳ್ಳು ಹಾಕಿದ ಬಾಗಿಲು, ಒಲೆ ಹೊಗೆಯಿಲ್ಲದ ಸೂರು, ಒಂದೇ ಮಾತು ಹೇಳುವ ನೆರೆಹೊರೆ. ಬೇರೇನು ಬರೆಯುತ್ತಾರೆ? ಊರು ಬಿಟ್ಟು ಹೋಗಿದ್ದಾರೆ ಎಂದು ಬರೆದುಕೊಂಡು ಹೋದರು. ತಿದ್ದಿದ ಪಟ್ಟಿಯನ್ನು ಬೇಸಿಗೆಯಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿದ್ದರಂತೆ. ಅದನ್ನು ನೋಡಬೇಕಾದವರು ಆಗ ಮದ್ದೂರಿನಾಚೆ ಕೂಳೆ ಮೇಯಿಸುತ್ತಿದ್ದರು. ಅವರು ಮಳೆಗೆ ಬರುವಷ್ಟರಲ್ಲಿ ಆ ಕಾಗದ ಗಾಳಿಗೆ ಹರಿದುಹೋಗಿತ್ತು.

ಮಾರನೆಯ ವರ್ಷ ಮಂದೆ ಹೊರಟ ಮೇಲೆ ಪಂಚಾಯಿತಿ ಚುನಾವಣೆ ಬಂತು. ಅದು ಬರೀ ಚುನಾವಣೆ ಆಗಿರಲಿಲ್ಲ. ಗುಡ್ಡದ ಕಲ್ಲಿನ ಮೇಲೆ ಯಾವುದೋ ಕ್ವಾರಿಯವರ ಕಣ್ಣು ಬಿದ್ದಿತ್ತು. ಕಲ್ಲು ಒಡೆಯಲಿಕ್ಕೆ ಗುಡ್ಡ ಬೇಕು, ಒಡೆದದ್ದನ್ನು ಸುರಿಯಲಿಕ್ಕೆ, ಲಾರಿ ತಿರುಗಿಸಲಿಕ್ಕೆ ಬುಡದ ಗೋಮಾಳ ಬೇಕು. ಅದಕ್ಕೆ ಪಂಚಾಯಿತಿಯ ಒಪ್ಪಿಗೆ ಬೇಕು. ಮೆಂಬರುಗಳಲ್ಲಿ ಆ ಕಡೆ ಈ ಕಡೆ ಅರ್ಧಕ್ಕರ್ಧ. ಎರಡು ಸಲ ಮಾತು ಬಂದಾಗಲೂ ಪುಟ್ಟಲಿಂಗಯ್ಯ ವಿರುದ್ಧ ಎತ್ತಿದ ಒಂದು ಕೈಯಿಂದ ತಪ್ಪಿಹೋಗಿತ್ತು. ಈ ಸಲ ಕೆಳಗಿನೂರಿನ ದೊಡ್ಡಹನುಮಯ್ಯ ನಿಲ್ಲುತ್ತಾನೆ, ಅವನ ಮಗ ಆಗಲೇ ಕ್ವಾರಿಯ ಹೆಸರಿನಲ್ಲಿ ಎರಡು ಟಿಪ್ಪರು ತಂದಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪುಟ್ಟಲಿಂಗಯ್ಯ ಮಂದೆ ಬಿಟ್ಟು ಬಸ್ಸಿನಲ್ಲಿ ಬಂದ. ತಲೆಗೆ ಎಣ್ಣೆ ಹಚ್ಚಿ, ಮಡಿ ಪಂಚೆ ಉಟ್ಟು, ನಾಮಪತ್ರ ಕೊಡಲು ಹೋದ. ಮಧ್ಯಾಹ್ನಕ್ಕೆ ಮೊದಲೇ ವಾಪಸ್ಸು ಬಂದು ಜಗಲಿಯ ಮೇಲೆ ಕೂತ. ಭದ್ರಮ್ಮ ನೀರು ತಂದಿಟ್ಟಳು, ಮುಟ್ಟಲಿಲ್ಲ.

"ನಾನು ಊರಲ್ಲೇ ಇಲ್ವಂತೆ ಕಣವ್ವ," ಎಂದ. "ಅಲ್ಲೇ ಆ ಆಫೀಸರ್ ಮುಂದೇ ನಿಂತಿವ್ನಿ. ಐದು ವರ್ಸ ಅದೇ ರೂಮ್ನಲ್ಲಿ ಕುರ್ಚಿ ಮೇಲೆ ಕುಂತಿವ್ನಿ. ಪಟ್ಟೀಲಿ ಇಲ್ಲ, ಊರು ಬುಟ್ಟೋಗಿದ್ದೀಯ ಅಂತಾನೆ."

ಅವನೊಬ್ಬನದಲ್ಲ. ಮಂದೆ ಹೋದವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮೂವತ್ತರ ಮೇಲೆ. ಬೀರಲಿಂಗಯ್ಯನದೂ ಇಲ್ಲ. ನೆರೆಯವರನ್ನು ವಿಚಾರಿಸಿ ತೆಗೆದಿದ್ದೇವೆ ಎಂದರಂತೆ. ಯಾವ ನೆರೆಯವನು, ಯಾರಿಗೆ ಮಾರಿಕೊಂಡ ಎಂದು ಪುಟ್ಟಲಿಂಗಯ್ಯ ಹಲ್ಲು ಕಡಿಯುತ್ತಿದ್ದ. ಭದ್ರಮ್ಮನಿಗೆ ಮಜ್ಜಿಗೆ ಕುಡಿದ ಮೇಷ್ಟ್ರ ಮುಖ ನೆನಪಾಯಿತು. ಅವಳು ಮುಚ್ಚಿಡಲಿಲ್ಲ, ನಿಂತಲ್ಲೇ ಹೇಳಿದಳು: ಹೇಳಿದವಳು ನಾನೇ ಭಾವ. ಅಂಬಮ್ಮ ಮಗು ಎತ್ತಿಕೊಂಡು ಬಂದು, ನಾನೂ ಹಾಗೇ ಅಂದೆ ಎಂದಳು.

ಪುಟ್ಟಲಿಂಗಯ್ಯ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂದ, "ನೀನು ಬ್ಯಾರೆ ಏನ್ ಹೇಳಿದ್ರೂ ನಾನೇ ನಿನ್ ನಾಲ್ಗೆ ಕೀಳ್ತಿದ್ದೆ."

ಮಾರನೆಯ ಬೆಳಗ್ಗೆ ಅವಳು ಕೋಲು ಊರಿಕೊಂಡು, ಭಾವನನ್ನು ಹೊರಡಿಸಿಕೊಂಡು, ಕನಕಪುರಕ್ಕೆ ಹೋದಳು. ನನ್ನ ಮಾತಿನಿಂದ ಹೋದದ್ದು, ನನ್ನ ಮಾತಿನಿಂದಲೇ ಬರಬೇಕು ಎಂದು ಅವಳ ಲೆಕ್ಕ. ಚುನಾವಣೆಯ ಕೆಲಸ ನೋಡುತ್ತಿದ್ದ ವೆಂಕಟಯ್ಯ ಎಂಬ ಶಿರಸ್ತೇದಾರರು ಕೆಟ್ಟವರಲ್ಲ. ಅವಳ ಕಾಲು ನೋಡಿ ತಾವೇ ಕುರ್ಚಿ ಎಳೆದು ಹಾಕಿದರು.

"ಅವ್ರು ಹೋದ್ರು ಅಂದೋಳು ನಾನೇ ಸ್ವಾಮಿ," ಎಂದಳು ಭದ್ರಮ್ಮ. "ಈಗ ನಾನೇ ಹೇಳ್ತಾ ಇವ್ನಿ. ಅವ್ರು ಎಲ್ಲೂ ಹೋಗಿಲ್ಲ. ಬರ್ಕೊಳ್ಳಿ."

ಹಾಗೆ ಬರುವುದಿಲ್ಲ ಎಂದು ವೆಂಕಟಯ್ಯ ಬಿಡಿಸಿ ಹೇಳಿದರು. ಹೆಸರು ಸೇರಬೇಕಾದರೆ ಒಬ್ಬೊಬ್ಬರೂ ತಾವೇ ಅರ್ಜಿ ಕೊಡಬೇಕು. ಫೋಟೊ ಬೇಕು, ಇಲ್ಲೇ ವಾಸ ಎನ್ನುವುದಕ್ಕೆ ಪುರಾವೆ ಬೇಕು. ಅರ್ಜಿಯನ್ನು ಏಳು ದಿನ ಬೋರ್ಡಿಗೆ ಹಾಕಿ, ಯಾರದಾದರೂ ತಕರಾರಿದೆಯೇ ಎಂದು ಕಾಯಬೇಕು. ನಾಮಪತ್ರದ ಕಡೇ ದಿನ ಅದಕ್ಕಿಂತ ಮುಂಚೆಯೇ ಬೀಳುತ್ತದೆ. ಆ ದಿನ ದಾಟಿದರೆ ಚುನಾವಣೆ ಮುಗಿಯುವವರೆಗೆ ಪಟ್ಟಿ ಮುಟ್ಟುವ ಹಾಗಿಲ್ಲ.

ಭದ್ರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ತಗ್ಯೋಕೆ ನನ್ನ ಬಾಯಿ ಸಾಕಾಯ್ತು. ಸೇರ್ಸೋಕೆ ಸಾಲ್ದಾ?"

ಅಕ್ಕಪಕ್ಕದ ಮೇಜಿನವರೂ ತಲೆಯೆತ್ತಿದರು. ವೆಂಕಟಯ್ಯ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕಾನೂನಿನ ಪುಸ್ತಕ ನಿಮ್ಮ ಪರವಾಗೇ ಇದೆ ಎಂದರು. ಕೆಲಸಕ್ಕೆಂದು ಕೆಲವು ತಿಂಗಳು ಹೊರಗೆ ಹೋದ ಮಾತ್ರಕ್ಕೆ ಯಾರೂ ಊರು ಕಳೆದುಕೊಳ್ಳುವುದಿಲ್ಲ ಎಂದು ಅದರಲ್ಲಿದೆ. ಆದರೆ ನಿಮ್ಮ ಬಾಗಿಲಿಗೆ ಪುಸ್ತಕ ಬರುವುದಿಲ್ಲ, ಮೇಷ್ಟ್ರು ಬರುತ್ತಾರೆ. ಬರೀ ನೆರೆಯವರ ಮಾತಿನ ಮೇಲೆ ಹೆಸರು ತೆಗೆಯಬಾರದು, ಮನೆಯವರಿಗೆ ನೋಟಿಸು ಮುಟ್ಟಿಸಿ ಅವರು ಬರುವ ತನಕ ಕಾಯುವ ಹಾಗೆ ನಿಯಮ ಬಿಗಿ ಮಾಡಬೇಕು ಎಂದು ಮೇಲಕ್ಕೆ ಬರೆಯುತ್ತೇನೆ ಎಂದರು.

"ಮುಳ್ಳು ಹಾಕಿರೋ ಬಾಗ್ಲಿಗೆ ನೋಟೀಸ್ ಅಂಟ್ಸುದ್ರೆ ಓದೋರ್ಯಾರು?" ಎಂದಳು ಅವಳು. "ಮಳೆಗಾಲ್ದಲ್ಲಿ ಬನ್ನಿ ಅಂತ ಬರೀರಿ. ಮಳೆಗೆ ನಾವೆಲ್ಲಾ ಮನೇಲೇ ಇರ್ತೀವಿ."

ವೆಂಕಟಯ್ಯ ಅದನ್ನೂ ಗುರುತು ಹಾಕಿಕೊಂಡರು. ಆಮೇಲೆ ಪಟ್ಟಿ ತಿರುವುತ್ತಿದ್ದವರು ಒಂದು ಕಡೆ ನಿಲ್ಲಿಸಿ, ನಿಮ್ಮ ಹೆಸರಿದೆಯಲ್ಲಮ್ಮ, ನೀವು ಮನೆಯಲ್ಲೇ ಇದ್ದಿರಿ ಎಂದರು. ಪುಟ್ಟಲಿಂಗಯ್ಯ ಅವರ ಮುಖ ನೋಡಿದ. ಆಮೇಲೆ ಇವಳ ಮುಖ ನೋಡಿದ. ಹೀಗೆ ಭದ್ರಮ್ಮ ಪಂಚಾಯಿತಿಗೆ ನಿಂತಳು.

ಅವಳಿಗೆ ಸಿಕ್ಕ ಗುರುತು ಛತ್ರಿ. ಹಟ್ಟಿಯಲ್ಲಿ ಕಂಬಳಿ ಬಿಟ್ಟು ಛತ್ರಿ ಹಿಡಿದವರೇ ಇರಲಿಲ್ಲ. ಅಂಬಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲಿಂದಲೋ ಒಂದು ಹರಕಲು ಛತ್ರಿ ತಂದಳು. ಇಬ್ಬರೂ ಕೆಳಗಿನೂರಿನ ಬಾಗಿಲು ಬಾಗಿಲಿಗೆ ಹೋದರು. ಹಟ್ಟಿಯಲ್ಲಿ ಉಳಿದ ವೋಟು ಮುದುಕರದು, ಕುಂಟರದು, ಬಾಣಂತಿಯರದು. ಅಷ್ಟರಿಂದ ಆಗುವ ಕೆಲಸವಲ್ಲ. ರೇಷ್ಮೆ ಮನೆಗಳ ಹೆಂಗಸರ ಹತ್ತಿರ ಕೂತು, ಅವರ ಜೊತೆ ಸೊಪ್ಪು ಹೆಚ್ಚುತ್ತಾ ಭದ್ರಮ್ಮ ಹೇಳುತ್ತಿದ್ದಳು: ಕಲ್ಲಿನ ಧೂಳು ಹಿಪ್ಪುನೇರಳೆ ಎಲೆ ಮೇಲೂ ಕೂರುತ್ತದೆ, ಆ ಸೊಪ್ಪು ತಿಂದ ಹುಳ ಗೂಡು ಕಟ್ಟುತ್ತದಾ, ನೀವೇ ನೋಡಿಕೊಳ್ಳಿ. ಕೆಲವರು ಹೂಂಗುಟ್ಟಿದರು. ದಾರಿಯಲ್ಲಿ ಸಿಕ್ಕ ದೊಡ್ಡಹನುಮಯ್ಯ ನಾಲ್ಕು ಜನರ ಮುಂದೆ ಕೆಣಕಿದ.

"ಏನಕ್ಕ, ಕುರಿ ಬುಟ್ಟು ಜನ ಮೇಯ್ಸೋಕೆ ಬಂದ್ಬುಟ್ಯಾ?"

"ಅದು ಸಲೀಸು ಕಣಪ್ಪ. ಒಸಿ ಹುಲ್ಲು ತೋರ್ಸುದ್ರೆ ಸಾಕು ಅಂತ ನಿನ್ನ ನೋಡೇ ಕಲ್ತೆ."

ನಾಲ್ಕು ಜನ ನಕ್ಕರು. ದೊಡ್ಡಹನುಮಯ್ಯನೂ ನಕ್ಕ. ಗೆಲ್ಲುವವನ ನಗು ಅದು. ಅವನಿಗೆ ಲೆಕ್ಕ ಗೊತ್ತಿತ್ತು.

ವೋಟಿನ ದಿನ ಬೆಳಗಿನ ಬಸ್ಸಿಗೆ ಬೀರಲಿಂಗಯ್ಯ ಬಂದ. ಬರಬೇಡಿ ಎಂದು ಹೇಳಿಕಳಿಸಿದ ಮಾತು ಮಂದೆಗೆ ಮುಟ್ಟಿರಲಿಲ್ಲ. ಅವನ ಹಿಂದೆ ಹಟ್ಟಿಯವರೆಲ್ಲ ಇಳಿದರು. ಮೈಯೆಲ್ಲ ಗದ್ದೆ ಧೂಳು, ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ಕು ಸುತ್ತಿದ ಫೋಟೊ ಕಾರ್ಡು. ಶಾಲೆಯ ಮುಂದೆ ಸಾಲು ನಿಂತರು. ಬೀರಲಿಂಗಯ್ಯನ ಸರದಿ ಬಂದಾಗ ಕಾರ್ಡು ಮುಂದಿಟ್ಟ. ಮೇಜಿನಾಚೆಯವರು ಹುಡುಕಿದರು, ಮತ್ತೆ ಹುಡುಕಿದರು. ಕಾರ್ಡು ಸರಿಯಾಗೇ ಇದೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ ಎಂದರು. ಅವನು ಕಾರ್ಡು ತಿರುಗಿಸಿ ತನ್ನ ಫೋಟೊ ನೋಡಿಕೊಂಡ. ಅವನು ಜಗಳದ ಮನುಷ್ಯನಲ್ಲ. ಪಕ್ಕಕ್ಕೆ ಸರಿದು ನಿಂತ. ಅವನ ಹಿಂದಿನವರೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ನೋಡುತ್ತಾ ನೋಡುತ್ತಾ ಈಚೆಯ ಸಾಲು ಸವೆದು ಆಚೆ ಇನ್ನೊಂದು ಸಾಲಾಯಿತು.

ಭದ್ರಮ್ಮನ ಹೆಸರನ್ನು ಕೂಗಿದರು. ಗಂಡ ಬೀರಲಿಂಗಯ್ಯ, ಬೋಳುಬಂಡೆ ಹಟ್ಟಿ. ಆ ಗಂಡ ಬೇವಿನ ಮರದ ಕೆಳಗೆ ನಿಂತು ಕೇಳಿಸಿಕೊಂಡ. ಬೆರಳಿಗೆ ಮಸಿ ಹಾಕಿಸಿಕೊಂಡು ಬಂದವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮನೆಗೆ ಬಂದು ಮುದ್ದೆ ಬಡಿಸುವಾಗ, ಆ ಮೇಷ್ಟ್ರಿಗೆ ನಾನು ಹೀಗೆ ಹೇಳಿದ್ದೆ ಎಂದು ಗಂಡನಿಗೂ ಹೇಳಿದಳು.

"ನಾನು ನಿನ್ನ ಬುಟ್ಟೋದೆ ಅಂದ್ಯಾ?" ಎಂದು ಕೇಳಿದ ಬೀರಲಿಂಗಯ್ಯ.

"ತಮಾಸೆಗೆ ಅಂದೆ."

"ಸರ್ಕಾರದೋರಿಗೆ ತಮಾಸೆ ತಿಳ್ಯಾಕಿಲ್ಲ ಕಣೆ," ಎಂದು ಎದ್ದು ಕೈ ತೊಳೆದ. ಬಸ್ಸಿಗೆ ಹೊರಡುವಾಗ ಕಿವಿಯ ಹತ್ತಿರ ಬಾಗಿ, ಮಂದೆ ಈಗ ಯಾವ ಊರ ಬಯಲಲ್ಲಿದೆ ಎಂದು ಅವಳೊಬ್ಬಳಿಗೆ ಕೇಳುವಂತೆ ಹೇಳಿ ಹೋದ.

ಎಣಿಕೆಯಲ್ಲಿ ಭದ್ರಮ್ಮ ಹನ್ನೊಂದು ವೋಟಿನಲ್ಲಿ ಸೋತಳು. ಕೆಳಗಿನೂರಿನ ಹೆಂಗಸರು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚೇ ಛತ್ರಿಗೆ ಒತ್ತಿದ್ದರು. ಅದು ತಿಳಿದ ಮೇಲೆ ಸೋಲು ಇನ್ನೂ ಚುಚ್ಚಿತು. ದೊಡ್ಡಹನುಮಯ್ಯ ಪಟಾಕಿ ಹೊಡೆಸುವುದನ್ನು ನಿಲ್ಲಿಸಿ ಅವಳ ಹತ್ತಿರ ಬಂದು, ನಿಮ್ಮವರಿದ್ದಿದ್ದರೆ ಇವತ್ತು ನಾನು ನಿನ್ನ ಕಾಲಿಗೆ ಬೀಳಬೇಕಾಗಿತ್ತು ಅಕ್ಕ ಎಂದ. ನಿಜವನ್ನೇ ಹೇಳಿದ. ಹೊಸ ಪಂಚಾಯಿತಿಯ ಎರಡನೆಯ ಸಭೆಯಲ್ಲೇ ಗೋಮಾಳಕ್ಕೆ ಒಪ್ಪಿಗೆ ಬಿತ್ತು. ಭರಣಿ ಮಳೆಗೆ ಮುಂಚೆ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಬಂಡೆಗೆ ಮದ್ದು ಇಡುವ ಗುಂಡಿಗಳನ್ನು ಕೊರೆಯುವ ಸದ್ದು ಹಟ್ಟಿಯ ಗೋಡೆಗಳಲ್ಲಿ ನಡುಗತೊಡಗಿತು.

ವೆಂಕಟಯ್ಯ ಮೇಲಕ್ಕೆ ಬರೆದರೋ, ಬರೆದದ್ದನ್ನು ಯಾರಾದರೂ ಓದಿದರೋ ಹಟ್ಟಿಗೆ ತಿಳಿಯಲಿಲ್ಲ. ಹೋದ ಹೆಸರುಗಳೇನೋ ಆ ಮಳೆಗಾಲದಲ್ಲಿ ವಾಪಸ್ಸು ಬಂದವು. ಒಬ್ಬೊಬ್ಬರನ್ನೂ ಸಾತನೂರಿಗೆ ಕರೆದೊಯ್ದು ಅರ್ಜಿ ಕೊಡಿಸಿದ್ದು ಭದ್ರಮ್ಮನೇ. ಪಟ್ಟಿಗೆ ಸೇರುವವರಿಗೆ ಹದಿನೆಂಟು ತುಂಬಿತೇ ಎಂದು ಜನವರಿ ಒಂದಕ್ಕೆ ಮಾತ್ರ ನೋಡುತ್ತಿದ್ದ ಕಾನೂನು ಎಷ್ಟೋ ವರ್ಷದ ಮೇಲೆ ಬದಲಾಗಿ, ಜುಲೈ ಒಂದೂ ಲೆಕ್ಕಕ್ಕೆ ಬಂತು, ಅಂದರೆ ಮಳೆಗಾಲದ್ದೊಂದು ದಿನ. ಅದು ಬರುವ ಹೊತ್ತಿಗೆ ಬೋಳುಬಂಡೆ ಹಟ್ಟಿಯ ಹುಡುಗರಲ್ಲಿ ಕುರಿಯ ಹಿಂದೆ ಹೋಗುವವರೇ ಉಳಿದಿರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ತಂತಿ ಎಳೆದ ವಾರದಲ್ಲೇ ಭದ್ರಮ್ಮ ಬಸ್ಸು ಹತ್ತಿ, ಗಂಡ ಕಿವಿಯಲ್ಲಿ ಹೇಳಿದ್ದ ಊರಿನಿಂದ ಜಾಡು ಹಿಡಿದು, ಮಂದೆ ಇದ್ದಲ್ಲಿಗೆ ಹೋದಳು. ಮಳೆ ಮೋಡ ಕಟ್ಟುತ್ತಿತ್ತು. ಇನ್ನೇನು ಅವರು ವಾಪಸ್ಸು ಹೊರಡುವ ಸಮಯ, ಮನೆಯಲ್ಲಿ ಹುಲ್ಲಿಲ್ಲ ಎಂದು ಮೊದಲೇ ಹೇಳದೆ ವಿಧಿಯಿರಲಿಲ್ಲ. ಬದುವಿನ ಮೇಲೆ ಕೂತು ಗಂಡನಿಗೆ ಹೇಳಿದಳು. ಬೀರಲಿಂಗಯ್ಯ ಕೇಳಿದ್ದು ಒಂದೇ, ತಂತಿಯಿಂದ ಈಚೆಗೆ ಎಷ್ಟು ಉಳಿದಿದೆ ಎಂದು. ಅರ್ಧ ಮಂದೆಗೂ ಸಾಲದು ಎಂದಳು. ಅವತ್ತೇ ಅವನು ವ್ಯಾಪಾರಿಗೆ ಹೇಳಿಕಳಿಸಿದ.

ಮಾರನೆಯ ಹಗಲು ಪೀರ್ ಸಾಬ್ ಲಾರಿ ತಂದ. ವರ್ಷಗಳಿಂದ ಹಟ್ಟಿಯ ಕುರಿ ಕೊಳ್ಳುತ್ತಿದ್ದ ವ್ಯಾಪಾರಿ. ಇಷ್ಟನ್ನು ಒಂದೇ ಸಲ ಕೊಡುತ್ತಿರುವುದನ್ನು ಕಂಡು ಅವನಿಗೇ ಮುಜುಗರವಾಯಿತು. ಗಬ್ಬದ ಕುರಿಗಳನ್ನು ಕಟುಕರಿಗೆ ಕೊಡುವುದಿಲ್ಲ, ಸಾಕುವವರಿಗೇ ಮಾರುತ್ತೇನೆ ಎಂದು ಯಾರೂ ಕೇಳದಿದ್ದರೂ ಹೇಳಿದ. ಬೀರಲಿಂಗಯ್ಯ ಒಂದೊಂದನ್ನೇ ಮುಟ್ಟಿ ಆ ಕಡೆ, ಈ ಕಡೆ ಮಾಡಿದ. ಬೇರೆ ಮಾಡಿದ ಕುರಿಗಳು ಲಾರಿಯ ಹತ್ತಿರ ಹೋಗಲೊಲ್ಲವು. ಹುಡುಗರು ಹಿಂದಿನಿಂದ ಅಟ್ಟಿದರು, ಕೋಲು ಬೀಸಿದರು, ಗುಂಪು ಗಿರ್ರನೆ ತಿರುಗಿ ಮತ್ತೆ ಮಂದೆಗೇ ಬಂದು ಸೇರಿತು. ಕುರಿ ಹಿಂದಿನಿಂದ ಅಟ್ಟಿದರೆ ನಡೆಯುವ ಪ್ರಾಣಿಯಲ್ಲ. ಗೊತ್ತಿರುವವರು ಮುಂದೆ ನಡೆಯಬೇಕು.

ಬೀರಲಿಂಗಯ್ಯ ಮುಂದೆ ಹೋಗಲಾರೆ ಎಂದು ಮುಖ ತಿರುಗಿಸಿಕೊಂಡು ಕೂತ. ಭದ್ರಮ್ಮ ಕೋಲು ಊರಿ ಎದ್ದಳು. ಲಾರಿಗೆ ಹಾಕಿದ್ದ ಹಲಗೆಯ ಬುಡದಲ್ಲಿ ನಿಂತು, ಮರಿಯಿಂದ ಅವುಗಳನ್ನು ಹೇಗೆ ಕರೆದಿದ್ದಳೋ ಹಾಗೆ ಕರೆದಳು. ಕುರಿಗಳು ಕಿವಿ ನಿಮಿರಿಸಿದವು. ಅವಳು ಕುಂಟುತ್ತಾ ಹಲಗೆ ಹತ್ತಿ, ಲಾರಿಯೊಳಗೆ ನಿಂತು ಮತ್ತೊಮ್ಮೆ ಕರೆದಳು. ಆಮೇಲೆ ಅವು ಒಂದರ ಹಿಂದೊಂದು, ತಳ್ಳಾಡದೆ, ಅವಳ ಹತ್ತಿರಕ್ಕೆ ನಡೆದು ಬಂದವು.